ಮಾವನ ಟ್ರ್ಯಾಕ್ಟರಿನ ಮೂರನೇ ಗೇರ್: ತಾಳವಾಡಿಯ ಒಂದು ಪ್ರಕರಣ

ತಾಳವಾಡಿ ಹತ್ತಿರದ ಗುಮಟಾಪುರದಲ್ಲಿ ಸಗಣಿ ಎರಚಾಡುವ ಗೊರೆಹಬ್ಬ ಮುಗಿದು ನಾಲ್ಕು ದಿನ ಆಗಿತ್ತು. ನನ್ನ ರಿಪೇರಿ ಶೆಡ್ಡಿನ ಹುಡುಗರು ಇನ್ನೂ ಸಗಣಿ ವಾಸನೆ ಹೋಗಿಲ್ಲ ಅಂತ ಒಬ್ಬರನ್ನೊಬ್ಬರು ರೇಗಿಸುತ್ತಾ ಟೀ ಕುಡಿಯುತ್ತಿದ್ದರು. ಆಗ ನನ್ನ ಸೋದರಮಾವ ಟ್ರ್ಯಾಕ್ಟರ್ ತಂದು ನಿಲ್ಲಿಸಿದರು. ಎಡಗೈ ಸ್ಟೀರಿಂಗ್ ಮೇಲೆ, ಬಲಗೈ ಗೇರ್ ಲಿವರ್ ಮೇಲೆ. ಲಿವರಿಗೆ ಒಂದು ಸೈಕಲ್ ಟ್ಯೂಬ್ ಸುತ್ತಿ ಸೀಟಿನ ಕಂಬಿಗೆ ಕಟ್ಟಿದ್ದರು. ಅದನ್ನು ನೋಡಿದಾಗಲೇ ಅರ್ಧ ಕತೆ ಗೊತ್ತಾಯಿತು.

"ಅಳಿಯ, ಗೇರ್‌ಬಾಕ್ಸ್ ಹೋಯ್ತು ಕಣಪ್ಪ. ಬಿಚ್ಚಿಬಿಡು" ಅಂದರು ಮಾವ, ಇಳಿಯುವ ಮೊದಲೇ.

ಗಾಡಿ 1994ರದ್ದು. ಮೈಸೂರಿನ ಕೆಎ-09 ನಂಬರ್. ಚಾಮರಾಜನಗರ ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ, ಅದಕ್ಕೂ ಮೊದಲಿನದು. ಮಾವ ಅದನ್ನು ಎರಡನೇ ಕೈಯಲ್ಲಿ ತಂದವರು. ನಮ್ಮ ಕಡೆ ಹಳೇ ಗಾಡಿ ಅಂದರೆ ಮಹೀಂದ್ರಾ ಬಿ-275, ಮೆಸ್ಸಿ 1035, ಎಚ್‌ಎಂಟಿ 2511, ಇವೇ ತಾನೇ. ಇದು ಯಾವ ಕಂಪನಿಯದು ಅಂತ ಹೇಳುವುದು ಬೇಡ. ಯಾಕೆ ಅಂದರೆ ಕೊನೆಗೆ ನೋಡಿದರೆ ತಪ್ಪು ಗಾಡಿಯದಲ್ಲ, ನಮ್ಮದು. ಎರಡು ಲಿವರ್: ಒಂದು ಮೇನ್, ಇನ್ನೊಂದು ವೇಗ ಹೆಚ್ಚು-ಕಡಿಮೆ ಮಾಡುವ ಹೈ-ಲೋ. ಮುಂದಕ್ಕೆ 8 ಗೇರ್, ಹಿಂದಕ್ಕೆ 2. ಪೂರ್ತಿ ಸ್ಲೈಡಿಂಗ್ ಮೆಶ್.

ಈ ಸ್ಲೈಡಿಂಗ್ ಮೆಶ್ ಅನ್ನೋದು ಗೊತ್ತಿಲ್ಲದಿದ್ದರೆ ಮುಂದಿನದು ಗೊತ್ತಾಗಲ್ಲ. ಇದರಲ್ಲಿ ನಾವು ಲಿವರ್ ಎಳೆದಾಗ ಒಳಗೆ ಒಂದು ಹಲ್ಲಿನ ಚಕ್ರವೇ ಶಾಫ್ಟಿನ ಮೇಲೆ ಜಾರಿ ಹೋಗಿ ಇನ್ನೊಂದು ಚಕ್ರದ ಹಲ್ಲಿನೊಳಗೆ ಕೂರುತ್ತದೆ. ಕಾರಿನಲ್ಲಿ ಹಾಗಲ್ಲ. ಅಲ್ಲಿ ಎರಡರ ವೇಗ ಸಮ ಮಾಡಲು ಸಿಂಕ್ರೊ ರಿಂಗ್ ಇರುತ್ತದೆ. ಇಲ್ಲಿ ಆ ಸಹಾಯ ಯಾವುದೂ ಇಲ್ಲ. ಎರಡು ಚಕ್ರವೂ ನಿಂತಿದ್ದರೆ ಸದ್ದಿಲ್ಲದೆ ಕೂರುತ್ತದೆ. ಒಂದು ತಿರುಗುತ್ತಿದ್ದರೆ ಹಲ್ಲಿಗೆ ಹಲ್ಲು ಬಡಿದು ಕರಕರ ಅನ್ನುತ್ತದೆ. ಅದಕ್ಕೇ ಹಳೇ ಡ್ರೈವರುಗಳು ಗಾಡಿ ನಿಲ್ಲಿಸಿ, ಬೇಕಾದ ಗೇರ್ ಹಾಕಿಕೊಂಡೇ ಹೊರಡುವುದು.

ಮಾವ ಹೇಳಿದ್ದು

ಮಾವನ ದೂರು ಒಂದೇ ಉಸಿರಿನಲ್ಲಿ ಬಂತು. ಗೇರ್ ಬೀಳಲ್ಲ, ಬಿದ್ದರೆ ಕರಕರ ಅನ್ನುತ್ತೆ, ಬಿದ್ದ ಗೇರ್ ನಿಲ್ಲಲ್ಲ, ಒಂದೊಂದು ಸಲ ಲಿವರ್ ಕಚ್ಚಿಕೊಂಡು ಗಾಡಿ ಅಲ್ಲಾಡಲ್ಲ. ಪೇಟೆಯ ಒಂದು ವರ್ಕ್‌ಶಾಪ್‌ನವರು ಗಾಡಿ ಎರಡು ಭಾಗ ಮಾಡಬೇಕು, ಗೇರ್ ಸೆಟ್, ಬೇರಿಂಗ್ ಎಲ್ಲಾ ಹೊಸದು ಅಂತ ₹48,000 ಲೆಕ್ಕ ಬರೆದುಕೊಟ್ಟಿದ್ದರು. ಆ ಚೀಟಿ ಜೇಬಿನಲ್ಲೇ ಇತ್ತು. ಮಾವ ಅದನ್ನು ತೆಗೆದು ತೋರಿಸಿ ಮತ್ತೆ ಮಡಚಿಟ್ಟುಕೊಂಡರು, ಆಸ್ಪತ್ರೆ ಚೀಟಿ ಇಟ್ಟುಕೊಳ್ಳುವ ಹಾಗೆ.

ನಾನು ಟೀ ಕೊಡಿಸಿ ಒಂದೊಂದೇ ಕೇಳಿದೆ. ಕರಕರ ಯಾವಾಗಿಂದ? ಎರಡು ವರ್ಷದಿಂದ, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಆಯ್ತು. ಲಿವರ್ ಕಚ್ಚಿಕೊಂಡಿದ್ದು? ಈ ಮಳೆಗಾಲದಲ್ಲಿ ಎರಡು ಸಲ. ಗೇರ್ ಕಿತ್ತುಕೊಳ್ಳುವುದು? ಯುಗಾದಿ ಆದಮೇಲೆ. ಯಾವ ಗೇರ್? ಮೂರನೆಯದು ಮಾತ್ರ. ಎಲ್ಲಿ? ಇಳಿಜಾರಿನಲ್ಲಿ, ಟ್ರೈಲರ್ ತುಂಬಿದ್ದಾಗ. ಏರಿನಲ್ಲಿ ಇಲ್ಲವಾ? ಏರಿನಲ್ಲಿ ಕಡಿಮೆ.

"ಯುಗಾದಿ ಆಸುಪಾಸಿನಲ್ಲಿ ಗಾಡಿಗೆ ಏನಾದರೂ ಕೆಲಸ ಮಾಡಿಸಿದ್ರಾ ಮಾವ?"

"ಏನೂ ಇಲ್ಲ. ಆಯಿಲ್ ಕೂಡ ಹಾಕ್ಸಿಲ್ಲ."

ಈ ಉತ್ತರವನ್ನು ನಾನು ಹಾಗೇ ನಂಬಿದೆ. ಅದರ ಬೆಲೆ ಎರಡು ದಿನ.

ಡ್ರೈವರ್ ಹುಡುಗ ಪಕ್ಕದಲ್ಲೇ ನಿಂತಿದ್ದ. ಸಣಕಲ ಹುಡುಗ. ಮೆಲ್ಲಗೆ "ಅಣ್ಣ, ನನ್ನ ಕೈಯಲ್ಲಿ ಗೇರ್ ಕಿತ್ತುಕೊಳ್ಳಲ್ಲ" ಅಂದ. ಮಾವನಿಗೆ ಸಿಟ್ಟು ಬಂತು. "ನಲವತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸ್ತಿದ್ದೀನಿ, ಇವನು ನಂಗೆ ಹೇಳಿಕೊಡ್ತಾನೆ." ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ.

ಆದರೂ ಒಂದು ಮಾತು ಖಾತ್ರಿಯಾಯಿತು. ಮೂರು ತೊಂದರೆ, ಮೂರೂ ಬೇರೆ ಬೇರೆ ಸಮಯದಲ್ಲಿ ಶುರುವಾಗಿವೆ. ಹಾಗಿದ್ದ ಮೇಲೆ ಮೂರಕ್ಕೂ ಒಂದೇ ಕಾರಣ ಇರಲೇಬೇಕು ಅಂತೇನಿಲ್ಲ. ₹48,000ದ ಚೀಟಿ ಬರೆದವರು ಮೂರನ್ನೂ ಒಂದೇ ಗಂಟು ಕಟ್ಟಿದ್ದರು.

ಗೇರ್ ಕಿತ್ತುಕೊಳ್ಳುವುದು ಸಣ್ಣ ವಿಷಯ ಅಲ್ಲ. ಹಿಂದಿನ ವಾರ ಎಲೆಕೋಸಿನ ಲೋಡ್ ಹಾಕಿಕೊಂಡು ಕೆರೆಯ ಏರಿಯಿಂದ ಇಳಿಯುವಾಗ ಮೂರನೇ ಗೇರ್ ಬಿಟ್ಟಿದೆ. ಅಲ್ಲಿವರೆಗೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತ್ತು. ಗೇರ್ ಹೋದ ತಕ್ಷಣ ಆ ಹಿಡಿತ ಹೋಯಿತು. ಟ್ರೈಲರಿಗೆ ಬ್ರೇಕ್ ಇಲ್ಲ, ಹಿಂದಿನಿಂದ ತಳ್ಳುತ್ತದೆ. ಓಡುವ ಗಾಡಿಗೆ ಈ ಗೇರ್‌ಬಾಕ್ಸಿನಲ್ಲಿ ಮತ್ತೆ ಗೇರ್ ಹಾಕಲು ಆಗಲ್ಲ. ಮಾವ ಬ್ರೇಕ್ ತುಳಿದು ಹೇಗೋ ಚರಂಡಿ ಪಕ್ಕ ನಿಲ್ಲಿಸಿದ್ದಾರೆ. ಸೈಕಲ್ ಟ್ಯೂಬ್ ಕಟ್ಟಿದ್ದು ಅದಾದ ಮೇಲೆ. ನನಗೆ ಆ ಟ್ಯೂಬ್ ಕಂಡರೆ ಆಗಲ್ಲ. ಅವಸರಕ್ಕೆ ನ್ಯೂಟ್ರಲ್ ಮಾಡಬೇಕಾದರೆ ಅದೇ ಕೈ ಹಿಡಿಯುತ್ತದೆ. ಮೊದಲು ಅದನ್ನು ಕತ್ತರಿಸಿ ಎಸೆದೆ.

ಕರಕರ ಎಲ್ಲಿಂದ

ಮೊದಲು ಇಂಜಿನ್ ಆಫ್ ಮಾಡಿ ಎಲ್ಲಾ ಗೇರನ್ನೂ ಒಂದೊಂದಾಗಿ ಹಾಕಿ ನೋಡಿದೆ. ಒಂದೆರಡು ಕಡೆ ಹಲ್ಲಿಗೆ ಹಲ್ಲು ಎದುರಾದಾಗ ಗಾಡಿಯನ್ನು ಸ್ವಲ್ಪ ದೂಡಬೇಕಾಯಿತು, ಅದು ಮಾಮೂಲಿ. ಉಳಿದಂತೆ ಎಲ್ಲಾ ಗೇರೂ ಸಲೀಸಾಗಿ ಬಿತ್ತು. ಇಂಜಿನ್ ನಿಂತಾಗ ಸಲೀಸು, ಓಡುವಾಗ ಕರಕರ ಅಂದರೆ ಅನುಮಾನ ಗೇರ್‌ಬಾಕ್ಸಿನ ಮೇಲಲ್ಲ, ಕ್ಲಚ್ಚಿನ ಮೇಲೆ. ಕ್ಲಚ್ ತುಳಿದರೂ ಅದು ಪೂರ್ತಿ ಬಿಡುತ್ತಿಲ್ಲ, ಒಳಗಿನ ಶಾಫ್ಟ್ ತಿರುಗುತ್ತಲೇ ಇದೆ.

ಅದನ್ನು ಖಚಿತ ಮಾಡಿಕೊಳ್ಳಲು ಇನ್ನೊಂದು ಪರೀಕ್ಷೆ. ಇಂಜಿನ್ ಚಾಲೂ ಮಾಡಿ, ಸ್ಲೋದಲ್ಲಿ ಬಿಟ್ಟು, ಕ್ಲಚ್ ಪೂರ್ತಿ ತುಳಿದು, ಹತ್ತರವರೆಗೆ ಎಣಿಸಿ ಆಮೇಲೆ ರಿವರ್ಸ್ ಹಾಕುವುದು. ಕ್ಲಚ್ ಸರಿ ಇದ್ದರೆ ಆ ಹೊತ್ತಿಗೆ ಶಾಫ್ಟ್ ನಿಂತಿರುತ್ತದೆ, ಸದ್ದು ಬರಬಾರದು. ತುಳಿದ ತಕ್ಷಣ ಹಾಕಿದರೆ ಸದ್ದು, ಕಾದು ಹಾಕಿದರೆ ಇಲ್ಲ ಅಂದರೆ ಅದು ರೋಗ ಅಲ್ಲ, ನಮ್ಮ ಅವಸರ. ಮಾವನ ಗಾಡಿ ಹತ್ತು ಎಣಿಸಿದರೂ ಕರಕರ ಅಂದಿತು. ಇಪ್ಪತ್ತು ಎಣಿಸಿದರೂ ಅಷ್ಟೇ. ಜೊತೆಗೆ, ಕ್ಲಚ್ ಪೂರ್ತಿ ತುಳಿದೇ ಇದ್ದರೂ ಗೇರ್ ಬಿದ್ದ ಕೂಡಲೇ ಗಾಡಿ ಇರುವೆ ಹರಿದ ಹಾಗೆ ಹಿಂದಕ್ಕೆ ಹೋಗುತ್ತಿತ್ತು. ಇದನ್ನು ಯಾರಾದರೂ ಮಾಡಿ ನೋಡುವುದಾದರೆ ಬಯಲಿನಲ್ಲಿ, ಮುಂದೆ ಹಿಂದೆ ಯಾರೂ ಇಲ್ಲದಾಗ ಮಾಡಿ.

ಆಮೇಲೆ ಕೆಳಗೆ ಮಲಗಿ ನೋಡಿದೆ. ಪೆಡಲನ್ನು ಕೈಯಲ್ಲಿ ಒತ್ತಿದರೆ ಮೊದಲ 3 ಇಂಚು ಸುಮ್ನೆ ಹೋಗುತ್ತಿತ್ತು, ಯಾವ ಭಾರವೂ ಇಲ್ಲ. ಒಂದು ಇಂಚಿನಷ್ಟು ಸಡಿಲ ಇದ್ದರೆ ಸಾಕಾದ ಕಡೆ ಮೂರು ಇಂಚು. ಪೆಡಲಿನ ಒಟ್ಟು ಓಟದಲ್ಲಿ ಅಷ್ಟು ವ್ಯರ್ಥವಾದ ಮೇಲೆ ಉಳಿದದ್ದರಲ್ಲಿ ಕ್ಲಚ್ ಪೂರ್ತಿ ಬಿಡುವುದು ಹೇಗೆ? ಕಾರಣವೂ ಕಣ್ಣೆದುರೇ ಇತ್ತು. ಪೆಡಲಿನಿಂದ ಕ್ಲಚ್ ಶಾಫ್ಟಿಗೆ ಹೋಗುವ ರಾಡಿನ ತುದಿಯಲ್ಲಿ ಒಂದು ಪಿನ್ ಇರಬೇಕು. ಪಿನ್ ಇರಲಿಲ್ಲ, ಯಾರೋ ಅದಕ್ಕಿಂತ ಸಣ್ಣ ಬೋಲ್ಟ್ ತೂರಿಸಿದ್ದರು. ಬೋಲ್ಟಿನ ಮರೆ (ತಿರುಪಿನ ಹಲ್ಲು) ರಂಧ್ರವನ್ನು ಅರದ ಹಾಗೆ ತಿಂದು, ದುಂಡಗಿದ್ದ ರಂಧ್ರ ಹುರುಳಿಕಾಯಿ ಆಕಾರಕ್ಕೆ ಬಂದಿತ್ತು. ನನ್ನ ಕಿರುಬೆರಳಿನ ತುದಿ ಅದರಲ್ಲಿ ಆಡುತ್ತಿತ್ತು.

ರಂಧ್ರವನ್ನು ವೆಲ್ಡಿಂಗ್‌ನಲ್ಲಿ ತುಂಬಿಸಿ ಮತ್ತೆ ಡ್ರಿಲ್ ಮಾಡಿ, ಸರಿಯಾದ ಪಿನ್ ಹಾಕಿ, ಸ್ಪ್ಲಿಟ್ ಪಿನ್ ಕೊಟ್ಟು, ರಾಡಿನ ನಟ್ಟಿನಲ್ಲಿ ಸಡಿಲವನ್ನು ಒಂದು ಇಂಚಿಗೆ ತಂದೆ. ಪೂರ್ತಿ ಸಡಿಲ ತೆಗೆದುಬಿಡಬಾರದು. ತೆಗೆದರೆ ರಿಲೀಸ್ ಬೇರಿಂಗ್ ಯಾವಾಗಲೂ ಫಿಂಗರಿಗೆ (ಕ್ಲಚ್ ಬಿಡಿಸುವ ಸಣ್ಣ ಲಿವರುಗಳಿಗೆ) ತಾಗಿಕೊಂಡು ಸವೆಯುತ್ತದೆ, ಕ್ಲಚ್ ಪ್ಲೇಟ್ ಜಾರಿ ಸುಡುತ್ತದೆ. ಮತ್ತೆ ಚಾಲೂ ಮಾಡಿ, ಕ್ಲಚ್ ತುಳಿದು, ಮೂರು ಎಣಿಸಿ ರಿವರ್ಸ್ ಹಾಕಿದೆ. ಸದ್ದೇ ಇಲ್ಲ. ಮಾವ ನಂಬಲಿಲ್ಲ. ತಾವೇ ಹತ್ತಿ ಐದಾರು ಸಲ ಹಾಕಿ ತೆಗೆದರು. ಎರಡು ವರ್ಷ ಆ ಹಲ್ಲುಗಳು ತಿಂದ ಪೆಟ್ಟಿಗೆ ಕಾರಣ ಒಂದು ಬೋಲ್ಟ್.

ಇದಿಷ್ಟೂ ಆಗಿ ಕ್ಲಚ್ ಬಿಡದಿದ್ದರೆ ಮಾತ್ರ ಒಳಗಿನ ಸಂಗತಿ ನೋಡಬೇಕು: ಫಿಂಗರುಗಳ ಎತ್ತರ ಸಮ ಇದೆಯಾ, ಪ್ಲೇಟ್ ಸೊಟ್ಟ ಆಗಿದೆಯಾ, ಅದು ಶಾಫ್ಟಿನ ಮೇಲೆ ತುಕ್ಕು ಹಿಡಿದು ಜಾರದೆ ನಿಂತಿದೆಯಾ, ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗ್ ಕಚ್ಚಿಕೊಂಡಿದೆಯಾ. ಅದಕ್ಕೆ ಗಾಡಿ ಎರಡು ಮಾಡಲೇಬೇಕು. ನಮಗೆ ಬೇಕಾಗಲಿಲ್ಲ.

ಕವರ್ ತೆಗೆದಾಗ

ಲಿವರ್ ಕಚ್ಚಿಕೊಳ್ಳುವುದಕ್ಕೂ ಗೇರ್ ಕಿತ್ತುಕೊಳ್ಳುವುದಕ್ಕೂ ಮೇಲಿನ ಕವರ್ ತೆಗೆಯಲೇಬೇಕಿತ್ತು. ಜಾಗ ಸಾಲದು ಅಂತ ಹುಡುಗರು ಸೀಟ್ ಬಿಚ್ಚಿ ಮೂಲೆಯಲ್ಲಿಟ್ಟರು. ಇದನ್ನು ನೆನಪಿಟ್ಟುಕೊಳ್ಳಿ.

ಆಯಿಲ್ ಇಳಿಸಿದಾಗ ಬಂದದ್ದು ಆಯಿಲ್ ಬಣ್ಣದಲ್ಲಿ ಇರಲಿಲ್ಲ. ಹಾಲು ಜಾಸ್ತಿ ಆದ ಕಾಫಿ. ಒಳಗೆ ನೀರು ಸೇರಿದೆ ಅಂತ ಅರ್ಥ. ಲಿವರಿನ ಬುಡದ ರಬ್ಬರ್ ಬೂಟ್ ಹರಿದು ಎಷ್ಟು ಕಾಲ ಆಗಿತ್ತೋ. ಗಾಡಿ ನಿಲ್ಲುವುದು ಮನೆ ಮುಂದಿನ ಬಯಲಲ್ಲಿ, ಮಳೆನೀರು ಲಿವರ್ ಹಿಡಿದುಕೊಂಡು ಸೀದಾ ಒಳಗೆ. ಡ್ರೈನ್ ಪ್ಲಗ್ಗಿನ ಮ್ಯಾಗ್ನೆಟ್ಟಿನಲ್ಲಿ ಕಾಡಿಗೆ ಥರದ ನುಣುಪು ಪುಡಿ ಅಂಟಿತ್ತು, ಅದು ಹಳೇ ಗಾಡಿಗೆ ಸಹಜ. ಹಲ್ಲಿನ ಚೂರು ಒಂದೂ ಸಿಗಲಿಲ್ಲ. ಅಷ್ಟು ಹೊತ್ತಿಗೇ ನನಗೆ ₹48,000ದ ಚೀಟಿ ಮೇಲೆ ನಂಬಿಕೆ ಹೋಗಿತ್ತು.

ಕವರ್ ಎತ್ತಿದರೆ ಲಿವರ್ ಅದರ ಜೊತೆಗೇ ಬರುತ್ತದೆ. ಕೆಳಗೆ ಸಾಲಾಗಿ ಶಿಫ್ಟರ್ ರಾಡುಗಳು, ಒಂದೊಂದು ರಾಡಿಗೆ ಒಂದೊಂದು ಫೋರ್ಕ್. ಲಿವರಿನ ತುದಿ ರಾಡಿನ ಮೇಲಿರುವ ಕಚ್ಚಿಗೆ ಕೂತು ಅದನ್ನು ಮುಂದಕ್ಕೂ ಹಿಂದಕ್ಕೂ ಸರಿಸುತ್ತದೆ, ಫೋರ್ಕ್ ಗೇರನ್ನು ಸರಿಸುತ್ತದೆ. ಮಾವನ ಲಿವರಿನ ತುದಿ ಸವೆದು ನಾಣ್ಯದ ಅಂಚಿನ ಹಾಗೆ ಆಗಿತ್ತು. ಸಿಟ್ಟಿನಲ್ಲಿ ಜೋರಾಗಿ ತಳ್ಳಿದರೆ ಅದು ಒಂದು ಕಚ್ಚಿನಿಂದ ಜಾರಿ ಪಕ್ಕದ ರಾಡಿನ ಕಚ್ಚಿಗೆ ಸೇರುತ್ತದೆ. ಮೊದಲನೇ ಗೇರ್ ಬಿದ್ದೇ ಇರುತ್ತದೆ, ಎರಡನೆಯದೂ ಅರ್ಧ ಬೀಳುತ್ತದೆ. ಎರಡು ಗೇರ್ ಒಟ್ಟಿಗೆ ಬಿದ್ದರೆ ಗಾಡಿ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ. ಇದೇ ಮಳೆಗಾಲದಲ್ಲಿ ಆದದ್ದು. ಹೊಲದಲ್ಲಿ ಹೀಗಾದರೆ ಮಾಡಬೇಕಾದ್ದು ಇಷ್ಟೇ: ಇಂಜಿನ್ ಆಫ್ ಮಾಡಿ, ಕವರ್ ಬಿಚ್ಚಿ, ದೊಡ್ಡ ಸ್ಕ್ರೂಡ್ರೈವರಿನಲ್ಲಿ ರಾಡುಗಳನ್ನು ಸರಿಸಿ ಎಲ್ಲಾ ಕಚ್ಚೂ ಒಂದೇ ಗೆರೆಗೆ ತರುವುದು. ಅದು ನ್ಯೂಟ್ರಲ್. ಸುತ್ತಿಗೆ ಬೇಡ.

ಲಿವರನ್ನು ಚಾಮರಾಜನಗರದ ಲೇತಿಗೆ ಕೊಟ್ಟೆ. ತುದಿಗೆ ವೆಲ್ಡಿಂಗ್ ತುಂಬಿಸಿ ಕಚ್ಚಿನ ಅಳತೆಗೆ ಉಜ್ಜಿಸಿದೆ. ಸ್ಪೇರ್‌ಗೆ ಸತ್ಯಮಂಗಲಕ್ಕೂ ಹೋಗಬಹುದಿತ್ತು, ತಾಳವಾಡಿ ತಮಿಳುನಾಡಿಗೆ ಸೇರಿದ್ದರಿಂದ ನಮ್ಮ ಕಾಗದ ಪತ್ರ ಎಲ್ಲಾ ಆ ಕಡೆಯದೇ. ಆದರೆ ದಿಂಬಂ ಘಾಟಿಯ 27 ತಿರುವು ಇಳಿದು ಹತ್ತಬೇಕು, ರಾತ್ರಿ ಆದರೆ ಕಾಡಿನ ರಸ್ತೆಯಲ್ಲಿ ಓಡಾಟಕ್ಕೆ ತಡೆ. ಚಾಮರಾಜನಗರದ ಕಡೆ ಹೋದರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು.

ಇನ್ನು ಗೇರ್ ಕಿತ್ತುಕೊಳ್ಳುವ ವಿಷಯ. ಪ್ರತಿ ರಾಡಿನ ಮೈಯಲ್ಲಿ ಸಣ್ಣ ಗುಂಡಿಗಳಿರುತ್ತವೆ. ಮೇಲಿನಿಂದ ಒಂದು ಸ್ಪ್ರಿಂಗ್ ಒಂದು ಉಕ್ಕಿನ ಬಾಲನ್ನು ಆ ಗುಂಡಿಗೆ ಒತ್ತಿ ಹಿಡಿಯುತ್ತದೆ. ಗೇರ್ ಪೂರ್ತಿ ಕೂತಾಗ ಬಾಲ್ ಗುಂಡಿಗೆ ಬೀಳುತ್ತದೆ, ಕೈಗೆ "ಟಕ್" ಅಂತ ಗೊತ್ತಾಗುತ್ತದೆ. ಆ ಟಕ್ ಇದ್ದರೆ ಗೇರ್ ತಾನಾಗಿ ಈಚೆ ಬರಲ್ಲ. ಮೂರು ಸ್ಪ್ರಿಂಗ್ ತೆಗೆದು ಕಾಗದದ ಮೇಲೆ ಸಾಲಾಗಿ ಇಟ್ಟೆ. ಎರಡು ಒಂದೇ ಎತ್ತರ. ಮೂರನೇ ಗೇರಿನ ರಾಡಿನದು ಮಾತ್ರ ಗಿಡ್ಡ, ನೀರಿನಲ್ಲಿ ಕೂತು ತುಕ್ಕು ಹಿಡಿದು ಕೆಳಗಿನ ಒಂದು ಸುತ್ತು ಮುರಿದಿತ್ತು. ಹೆಬ್ಬೆಟ್ಟಿನಲ್ಲಿ ಒತ್ತಿದರೆ ಚಪ್ಪಟೆ.

ಸಿಕ್ಕಿಬಿದ್ದ ಕಳ್ಳ ಅಂದುಕೊಂಡೆ. ಎಷ್ಟು ಖುಷಿ ಆಯಿತು ಅಂದರೆ, ಅದೇ ಹೊತ್ತಿನಲ್ಲಿ ಕಂಡ ಇನ್ನೊಂದು ವಿಷಯವನ್ನು ಕೈಬಿಟ್ಟೆ. ಟಾರ್ಚ್ ಹಾಕಿ ನೋಡಿದಾಗ ಮೂರನೇ ಗೇರಿನ ಹಲ್ಲುಗಳು ಪೂರ್ತಿ ಅಗಲಕ್ಕೆ ಹೊಳೆಯುತ್ತಿರಲಿಲ್ಲ. ಮೂರರಲ್ಲಿ ಎರಡು ಪಾಲು ಕನ್ನಡಿಯ ಹಾಗೆ ಮಿಂಚು, ಉಳಿದ ಒಂದು ಪಾಲು ಮಂಕು, ನಡುವೆ ಗೆರೆ ಎಳೆದ ಹಾಗೆ. ಮಿಂಚಿದ ಕಡೆಯ ಅಂಚು ಸ್ವಲ್ಪ ಓರೆಯಾಗಿತ್ತು. ಅಂದರೆ ಈ ಗೇರ್ ಇತ್ತೀಚೆಗೆ ಹೆಚ್ಚಿನ ಸಲ ಪೂರ್ತಿ ಕೂತಿಲ್ಲ. ಹಲ್ಲೇ ಹೇಳುತ್ತಿತ್ತು. ನಾನು "ಹಳೇ ಗಾಡಿ, ಸವೆದಿದೆ" ಅಂದುಕೊಂಡು ಮುಂದೆ ಹೋದೆ.

ಫೋರ್ಕ್ ನೋಡಿದೆ, ಸೊಟ್ಟ ಇಲ್ಲ. ಫೋರ್ಕನ್ನು ರಾಡಿಗೆ ಹಿಡಿಯುವ ಬೋಲ್ಟ್ ಬಿಗಿಯಾಗಿದೆ. ಶಾಫ್ಟನ್ನು ಲೋಹದ ಪಟ್ಟಿಯಿಂದ ಮೀಟಿ ನೋಡಿದೆ, ಬೇರಿಂಗಿನಲ್ಲಿ ಲೆಕ್ಕಕ್ಕೆ ಬರುವಷ್ಟು ಆಟ ಇಲ್ಲ. ರಾಡಿನ ಗುಂಡಿಗಳ ಅಂಚು ಚೂಪಾಗೇ ಇದೆ. ಮೂರೂ ಸ್ಪ್ರಿಂಗ್, ಮೂರೂ ಬಾಲ್ ಹೊಸದು ಹಾಕಿ, ಡೀಸೆಲ್‌ನಲ್ಲಿ ಒಳಗೆಲ್ಲಾ ತೊಳೆದು, ಅನಾಬಾಂಡ್ (ಸೋರದಂತೆ ತಡೆಯುವ ಅಂಟು) ಹಚ್ಚಿ ಪ್ಯಾಕಿಂಗ್ ಕೂರಿಸಿ, ಹೊಸ ಬೂಟ್ ಹಾಕಿ ಕವರ್ ಮುಚ್ಚಿದೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಆಯಿಲ್ ತುಂಬಿಸಿದೆ. ಗೇರ್‌ಬಾಕ್ಸ್, ಹೈಡ್ರಾಲಿಕ್, ಹಿಂದಿನ ಹೌಸಿಂಗ್ ಎಲ್ಲಕ್ಕೂ ಒಂದೇ ಆಯಿಲ್ ಆದ್ದರಿಂದ 30 ಲೀಟರಿಗಿಂತ ಜಾಸ್ತಿ ಹಿಡಿಯಿತು. ನಿಂತುಕೊಂಡೇ ಲಿವರ್ ಎಳೆದು ನೋಡಿದೆ. ಪ್ರತಿ ಗೇರಿನಲ್ಲೂ ಟಕ್, ಟಕ್. ಆಮೇಲೆ ಹುಡುಗರು ಸೀಟ್ ಕೂರಿಸಿದರು.

ಕೆರೆ ಏರಿಯ ಮೇಲೆ

ಟ್ರೈಲರಿಗೆ ಅರ್ಧ ಲೋಡ್ ಮರಳು ಹಾಕಿಕೊಂಡು ಅದೇ ಇಳಿಜಾರಿಗೆ ಹೋದೆವು. ಮೊದಲು ನಾನು ಓಡಿಸಿದೆ. ಮೂರನೇ ಗೇರ್, ಕೈ ಬಿಟ್ಟು ಇಳಿಸಿದೆ. ಗಟ್ಟಿಯಾಗಿ ನಿಂತಿತು. ಹುಡುಗ ಓಡಿಸಿದ. ನಿಂತಿತು. ಮಾವ ಮೀಸೆ ತಿರುವಿಕೊಂಡು ಹತ್ತಿದರು. ಅರ್ಧ ಇಳಿಜಾರು ದಾಟಿಲ್ಲ, ಗೇರ್ ಕಿತ್ತುಕೊಂಡಿತು. ಬ್ರೇಕ್ ತುಳಿದು ನಿಲ್ಲಿಸಿದರು. ಮತ್ತೊಂದು ಸಲ. ಮತ್ತೆ ಹಾಗೇ.

ಹುಡುಗ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಮೂರು ಜನ, ಒಂದೇ ಗಾಡಿ, ಒಂದೇ ಇಳಿಜಾರು, ಒಂದೇ ಲೋಡ್. ಒಬ್ಬರ ಕೈಯಲ್ಲಿ ಮಾತ್ರ ಕಿತ್ತುಕೊಳ್ಳುತ್ತದೆ. ಆ ಒಬ್ಬರಿಗೆ ನಲವತ್ತು ವರ್ಷದ ಅನುಭವ, ಗೇರ್ ಹಾಕಲು ಬರಲ್ಲ ಅನ್ನುವ ಹಾಗಿಲ್ಲ. ಹಾಗಾದರೆ ಮಾವನಿಗೂ ನಮಗೂ ಏನು ವ್ಯತ್ಯಾಸ? ನಾನು 60 ಕೆಜಿ ಚಿಲ್ಲರೆ. ಹುಡುಗ ನನಗಿಂತ ಕಡಿಮೆ. ಮಾವ ನೂರರ ಹತ್ತಿರ.

ಸಮತಟ್ಟಾದ ಜಾಗಕ್ಕೆ ತಂದು, ಇಂಜಿನ್ ಆಫ್ ಮಾಡಿಸಿ, "ಮಾವ, ಹಾಗೇ ಕೂತಿರಿ, ಮೂರನೇ ಗೇರ್ ಹಾಕಿ" ಅಂದೆ. ಈ ಗಾಡಿಯಲ್ಲಿ ಮೂರನೆಯದನ್ನು ಹಿಂದಕ್ಕೆ, ಅಂದರೆ ನಮ್ಮ ಕಡೆಗೆ ಎಳೆದು ಹಾಕುವುದು. ಎಳೆದರು. ನಾನು ಪಕ್ಕದಲ್ಲಿ ಮೊಣಕಾಲೂರಿ ಲಿವರಿನ ಎತ್ತರಕ್ಕೆ ಕಣ್ಣಿಟ್ಟೆ. ಲಿವರಿನ ಗುಂಡು ಸೀಟಿನ ಕುಶನ್ನಿನಲ್ಲಿ ಹೂತುಹೋಗಿತ್ತು. ಮಾವನ ಭಾರಕ್ಕೆ ಕುಶನ್ನಿನ ಮುಂದಿನ ಅಂಚು ಹೊಟ್ಟೆ ಬಿಟ್ಟುಕೊಂಡು ಉಬ್ಬಿತ್ತು.

"ಒಂದ್ ಚೂರು ಎದ್ದೇಳಿ ಮಾವ."

ಸ್ಟೀರಿಂಗ್ ಹಿಡಿದು ಎದ್ದರು. ಉಬ್ಬು ಇಳಿಯಿತು. ಯಾರೂ ಮುಟ್ಟಿಲ್ಲ, ಲಿವರ್ ತಾನಾಗೇ ಒಂದು ಬೆರಳಿನಷ್ಟು ಹಿಂದಕ್ಕೆ ಸರಿಯಿತು. ಟಕ್.

ಅಲ್ಲಿ ಆಗಿದ್ದು ಇಷ್ಟು. ಮಾವ ಕೂತಾಗ ಲಿವರ್ ಕುಶನ್ನಿಗೆ ತಾಗಿ ಅಲ್ಲೇ ನಿಲ್ಲುತ್ತಿತ್ತು. ಗೇರ್ ಮೂರರಲ್ಲಿ ಎರಡು ಪಾಲು ಮಾತ್ರ ಕೂರುತ್ತಿತ್ತು. ಲಾಕ್ ಬಾಲ್ ಗುಂಡಿಗೆ ಬೀಳದೆ ಅಂಚಿನ ಮೇಲೇ ನಿಲ್ಲುತ್ತಿತ್ತು. ಗುಂಡಿಗೆ ಬೀಳದ ಬಾಲಿನ ಮೇಲೆ ಎಷ್ಟು ಹೊಸ ಸ್ಪ್ರಿಂಗ್ ಹಾಕಿದರೂ ಏನು ಬಂತು? ಏರಿನಲ್ಲಿ ಇಂಜಿನ್ ಚಕ್ರವನ್ನು ಎಳೆಯುತ್ತದೆ, ಹಲ್ಲಿನ ಒಂದು ಮುಖದ ಮೇಲೆ ಭಾರ. ಇಳಿಜಾರಿನಲ್ಲಿ ಚಕ್ರವೇ ಇಂಜಿನ್ನನ್ನು ಎಳೆಯುತ್ತದೆ, ಭಾರ ಹಲ್ಲಿನ ಇನ್ನೊಂದು ಮುಖಕ್ಕೆ ಹೋಗುತ್ತದೆ. ಓರೆ ಆಗಿದ್ದ ಅಂಚು ಆ ಮುಖದಲ್ಲಿತ್ತು. ಓರೆ ಮೇಲೆ ಭಾರ ಬಿದ್ದರೆ ಗೇರ್ ಪಕ್ಕಕ್ಕೆ ಜಾರುತ್ತದೆ. ಮೇಲಿಂದ ರಸ್ತೆಯ ಒಂದು ಕುಲುಕಿಗೆ ಕುಶನ್ ಲಿವರನ್ನು ಮುಂದಕ್ಕೆ ತಳ್ಳಿದರೆ ಸಾಕು. ಹಿಂದಕ್ಕೆ ಎಳೆಯುವ ಇನ್ನೊಂದು ಗೇರ್ ರಿವರ್ಸ್. ಲೋಡ್ ಹಾಕಿಕೊಂಡು ರಿವರ್ಸ್‌ನಲ್ಲಿ ಯಾರು ಇಳಿಜಾರು ಇಳಿಯುತ್ತಾರೆ? ಅದಕ್ಕೇ ಅದು ಯಾರಿಗೂ ಗೊತ್ತಾಗಿಲ್ಲ. ನಾನು ಶೆಡ್ಡಿನಲ್ಲಿ ಪರೀಕ್ಷೆ ಮಾಡಿದಾಗ ಸೀಟೇ ಮೂಲೆಯಲ್ಲಿತ್ತು.

"ಈ ಸೀಟ್ ಯಾವಾಗ ಹಾಕಿಸಿದ್ರಿ?"

"ಯುಗಾದಿ ಆದ್ಮೇಲೆ. ಸೊಂಟ ನೋವು ಕಣಪ್ಪ. ಡಾಕ್ಟ್ರು ಮೆತ್ತಗಿರೋ ಸೀಟ್ ಹಾಕ್ಸು ಅಂದ್ರು. ಗುಜರಿಯಿಂದ ಬಸ್ಸಿನ ಸೀಟ್ ತಂದು ಕೂರ್ಸಿದೆ."

"ನಾನು ಕೇಳಿದಾಗ ಏನೂ ಮಾಡಿಸಿಲ್ಲ ಅಂದ್ರಲ್ಲ?"

"ನೀನು ಗಾಡಿ ಕೆಲಸ ಕೇಳ್ದೆ. ಸೀಟು ನನ್ನ ಸೊಂಟದ ಕೆಲಸ ಅಲ್ವಾ?"

ಉತ್ತರ ಸರಿಯಾಗೇ ಇತ್ತು. ನಾನು ಪ್ರಶ್ನೆ ಕೇಳಿದ ರೀತಿ ಸರಿ ಇರಲಿಲ್ಲ. ಈಗ ಶೆಡ್ಡಿಗೆ ಯಾರು ಬಂದರೂ "ಕೆಲಸ ಏನು ಮಾಡಿಸಿದ್ರಿ" ಅಂತ ಕೇಳಲ್ಲ, "ಗಾಡಿ ಮೇಲೆ ಏನು ಹೊಸದಾಗಿ ಬಂದಿದೆ, ಏನು ಹೋಗಿದೆ" ಅಂತ ಕೇಳುತ್ತೇನೆ. ಮ್ಯಾಟ್, ಟೂಲ್ ಬಾಕ್ಸ್, ಹುಡ್ ಕಂಬಿ, ಯಾವುದೂ ಆಗಬಹುದು.

ಆಮೇಲೆ

ಕುಶನ್ ಎಸೆಯಲು ಮಾವ ಒಪ್ಪಲಿಲ್ಲ. ಸೊಂಟ ಅವರದು. ಸೀಟಿನ ಕಂಬಿಯ ರಂಧ್ರಗಳನ್ನು ಎರಡು ಇಂಚು ಹಿಂದಕ್ಕೆ ಹೊಡೆಸಿದೆ. ಮುಂದಿನ ಅಂಚಿನ ಸ್ಪಾಂಜ್ ಸ್ವಲ್ಪ ಕತ್ತರಿಸಿ ದಾರ ಹಾಕಿ ಹೊಲಿದೆವು. ಮಾವನನ್ನು ಕೂರಿಸಿ, ಮೂರನೇ ಗೇರ್ ಹಾಕಿಸಿ, ಲಿವರಿಗೂ ಕುಶನ್ನಿಗೂ ನಡುವೆ ನನ್ನ ನಾಲ್ಕು ಬೆರಳು ಅಡ್ಡ ಹೋಗುತ್ತದಾ ಅಂತ ನೋಡಿದೆ. ಹೋಯಿತು. ಅದೇ ಇಳಿಜಾರಿನಲ್ಲಿ ಮಾವ ಐದು ಸಲ ಕೈ ಬಿಟ್ಟು ಇಳಿಸಿದರು. ಐದೂ ಸಲ ನಿಂತಿತು. ಆರನೇ ಸಲ ಹುಡುಗನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ಏನು ಅಂತ ನಾನು ಕೇಳಲಿಲ್ಲ. ಆದರೆ ಅವತ್ತು ಬಿರಿಯಾನಿ ಪೊಟ್ಟಣ ಎರಡು ಬಂತು, ಒಂದು ಹುಡುಗನಿಗೆ.

ಖರ್ಚು: ಪಿನ್ ಮತ್ತು ವೆಲ್ಡಿಂಗ್ ₹180, ಸ್ಪ್ರಿಂಗ್, ಬಾಲ್ ₹240, ಬೂಟ್ ₹150, ಲೇತ್ ಕೆಲಸ ₹600, ಪ್ಯಾಕಿಂಗ್ ಮತ್ತು ಅನಾಬಾಂಡ್ ₹200. ಆಯಿಲಿಗೆ ₹7,400. ಒಟ್ಟು ₹8,770. ಕೂಲಿ ಅಂತ ಎರಡು ಮೂಟೆ ಎಲೆಕೋಸು ಬಂತು, ಅದರಲ್ಲಿ ಒಂದನ್ನು ಆನೆ ತಿಂದು ಬಿಟ್ಟ ಹೊಲದ್ದು ಅಂತ ಅತ್ತೆ ಆಮೇಲೆ ಹೇಳಿದರು.

ಮೂರನೇ ಗೇರಿನ ಓರೆಯಾದ ಹಲ್ಲನ್ನು ಹಾಗೇ ಬಿಟ್ಟಿದ್ದೇನೆ. ಅದನ್ನು ಬದಲಿಸಬೇಕಾದರೆ ಗಾಡಿ ಎರಡು ಮಾಡಬೇಕು. ಈಗ ಗೇರ್ ಪೂರ್ತಿ ಕೂರುವುದರಿಂದ ಸವೆಯದ ಒಂದು ಪಾಲೂ ಭಾರ ಹೊರುತ್ತದೆ, ಬಾಲ್ ಗುಂಡಿಯಲ್ಲಿ ನಿಲ್ಲುತ್ತದೆ. ತುಂಬಾ ದಿನ ಬರಬಹುದು ಅನ್ನುವುದು ನನ್ನ ಅಂದಾಜು. ಆದರೂ ಮಾವನಿಗೆ ಎರಡು ಮಾತು ಹೇಳಿದ್ದೇನೆ: ಪೂರ್ತಿ ಲೋಡ್ ಇದ್ದರೆ ಕೆರೆ ಏರಿಯನ್ನು ಎರಡನೇ ಗೇರಿನಲ್ಲೇ ಇಳಿಯಿರಿ, ಟ್ರೈಲರ್ ತಳ್ಳುವ ಮೊದಲೇ, ಮೇಲೆ ನಿಲ್ಲಿಸಿ ಗೇರ್ ಹಾಕಿಕೊಳ್ಳಿ. ಮತ್ತೆ ಕಿತ್ತುಕೊಂಡರೆ ಟ್ಯೂಬ್ ಕಟ್ಟಬೇಡಿ, ಗಾಡಿ ಇಲ್ಲಿಗೆ ತನ್ನಿ.

ಮಾರ್ಚ್‌ನಲ್ಲಿ ಅರಿಶಿನ ಕೀಳುವ ಹೊತ್ತಿಗೆ ಮತ್ತೊಮ್ಮೆ ಡ್ರೈನ್ ಪ್ಲಗ್ ತೆಗೆದು ನೋಡಿದೆ. ಮ್ಯಾಗ್ನೆಟ್ಟಿನಲ್ಲಿ ಅದೇ ನುಣುಪು ಪುಡಿ, ಹಿಂದಿಗಿಂತ ಕಡಿಮೆ. ಆಯಿಲ್ ಜೇನಿನ ಬಣ್ಣದಲ್ಲೇ ಇತ್ತು. ಕ್ಲಚ್ ಪೆಡಲಿನ ಸಡಿಲ ಮಾತ್ರ ಒಂದೂವರೆ ಇಂಚಿಗೆ ಬಂದಿತ್ತು, ನಟ್ ಎರಡು ಸುತ್ತು ತಿರುಗಿಸಿ ಸರಿ ಮಾಡಿದೆ. ಸೀಟಿನ ಮೇಲೆ ಮಾವ ಈಗ ಒಂದು ದಿಂಬು ಬೇರೆ ಹಾಕಿಕೊಂಡಿದ್ದಾರೆ. ಮತ್ತೆ ನಾಲ್ಕು ಬೆರಳು ಅಡ್ಡ ಇಟ್ಟು ನೋಡಿದೆ. ಮೂರು ಹೋಯಿತು.